ನೋಟಿನ ಮೇಲಿನ ಬಾಯಿ

“ನನ್ನ ಮುಖ ಇರೋ ನೋಟು ಎಷ್ಟಿದೆಯೋ ಅಷ್ಟೂ ತೆಗಿ,” ಎಂದು ಮಿಸ್ ಯೂಲಲಿ ಮೀನಿನಂಗಡಿಯ ಕಟ್ಟೆಯ ಮೇಲೆ ಕೈಚೀಲ ಕುಕ್ಕಿದಳು.

ಮೀನು ಕೊಯ್ಯುತ್ತಿದ್ದ ಡೆಲ್‌ರಾಯ್ ಚೂರಿ ಕೆಳಗಿಟ್ಟ. ಲಂಡನ್ನಿನ ಬ್ರಿಕ್ಸ್‌ಟನ್ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಷ್ಟೇ ನಡೆಯುವ ಹೊಸ ನೋಟು ಆವತ್ತು ಬೆಳಿಗ್ಗೆ ಬಂದಿತ್ತು. ಪೌಂಡು ಕೊಟ್ಟವರಿಗೆ ಅವನ ಅಂಗಡಿಯಲ್ಲೇ ಬದಲಾಯಿಸಿಕೊಡುತ್ತಿದ್ದರು. ರೈಲು ಸೇತುವೆಯ ಕೆಳಗೆ ಗೋಡೆಚಿತ್ರ ಬರೆಯುವ ಹುಡುಗರೇ ನೋಟಿನ ಚಿತ್ರವನ್ನೂ ಬರೆದಿದ್ದರು: ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದ ಕಾಲದ ಯೂಲಲಿ, ಹಳದಿ ಕೋಟು, ಚಾಚಿದ ಅಂಗೈ, ಕಿವಿಯವರೆಗೆ ತೆರೆದ ಬಾಯಿ. ಮುಂದಿನ ಹಲ್ಲುಗಳ ಸಂದಿಯನ್ನೂ ಬಿಟ್ಟಿರಲಿಲ್ಲ.

“ಅಷ್ಟೂ ಯಾಕೆ ಮಿಸ್ ಯೂಲಲಿ? ಊರಿಗೆಲ್ಲ ಊಟ ಹಾಕಿಸ್ತೀರಾ?”

“ಪೆಟ್ಟಿಗೇಲಿಟ್ಟು ಬೀಗ ಹಾಕ್ತೀನಿ! ಚರ್ಚಿಗೆ ಹಾಕ್ಕೊಂಡು ಹೋಗೋ ನೇರಳೆ ಟೋಪಿಯ ಫೋಟೊ ಕೊಟ್ಟಿದ್ದೆ ಕಣೋ ಆ ಹುಡುಗರಿಗೆ. ಅದನ್ನ ಬಿಟ್ಟು ನೀರಾನೆ ಆಕಳಿಸಿದ ಹಾಗೆ ಬರೆದಿದ್ದಾರೆ. ಬೆಳಿಗ್ಗೆ ಪಾದ್ರಿಗಳು ಕಾಫಿ ಕುಡಿದು, ನನ್ನನ್ನ ಎರಡು ಮಡಿಕೆ ಮಾಡಿ ಅಂಗಡಿಯವನ ಕೈಗಿಟ್ಟರು. ನಾನು ಅಲ್ಲೇ ಕೂತಿದ್ದೆ!”

“ನಿಜ ಹೇಳ್ಲಾ? ಚಿತ್ರದಲ್ಲಿ ಬಾಯಿ ಸ್ವಲ್ಪ ಚಿಕ್ಕದಾಗೇ ಬಂದಿದೆ.”

“ನಿನ್ನ ಬಾಯಿಗೆ ಆ ಮೀನನ್ನೇ ತುರುಕ್ತೀನಿ ನೋಡು! ಯಾರು ಹೇಳಿದ್ದು ಅವರಿಗೆ ಹೀಗೆ ಬರೀರಿ ಅಂತ?”

“ನಾನು, ಆಂಟಿ.”

ಹಿಂದಿನಿಂದ ಐಸಿನ ಬುಟ್ಟಿ ಹೊತ್ತು ಬಂದವಳು ಡೆಲ್‌ರಾಯ್‌ನ ಮಗಳು ಜೊನೆಲ್. ಈಗ ಅಂಗಡಿಯ ಅರ್ಧ ಭಾರ ಅವಳದೇ.

ಯೂಲಲಿ ಅವಳತ್ತ ತಿರುಗಿದಳು. “ನೀನಾ? ನಿನ್ನ ಕೈ ಹಿಡಿದು ರಸ್ತೆ ದಾಟಿಸಿದ್ದಕ್ಕೆ ಇದಾ?”

“ಹುಡುಗರು ಟೋಪಿ ಫೋಟೊನೇ ಮುಂದಿಟ್ಕೊಂಡು ಕೂತಿದ್ರು. ನಾನೇ ಬೇಡ ಅಂದೆ.” ಜೊನೆಲ್ ಬುಟ್ಟಿ ಇಳಿಸಿ ಒದ್ದೆ ಕೈಗಳನ್ನು ಒರೆಸಿಕೊಂಡಳು. “ಆವತ್ತು ಚೆಂಡಿನ ಹಿಂದೆ ರಸ್ತೆಗೆ ಓಡಿದ್ನಲ್ಲ, ಲಾರಿ ನನ್ನ ಕಣ್ಣಿಗೆ ಬೀಳಲೇ ಇಲ್ಲ ಆಂಟಿ. ಕಂಡಿದ್ದು ನಿಮ್ಮ ಬಾಯಿ ಒಂದೇ. ಹೆದರಿ ಅಲ್ಲೇ ನಿಂತುಬಿಟ್ಟೆ. ಟೋಪಿ ನೋಡಿದ್ರೆ ನಿಲ್ತಿದ್ನಾ?”

ಡೆಲ್‌ರಾಯ್ ಮೀನಿನ ಮೇಲೆ ನೀರು ಚಿಮುಕಿಸತೊಡಗಿದ.

“ನಾನು ಕೂಗಿದ್ದು ಲಾರಿಯವನಿಗೆ ಕಣೇ,” ಎಂದಳು ಯೂಲಲಿ, ದನಿ ತಗ್ಗಿಸಿ.

“ಗೊತ್ತು. ಅವನೂ ನಿಂತ, ನಾನೂ ನಿಂತೆ.”

ಯೂಲಲಿ ಕಟ್ಟೆಯ ಮೇಲೆ ಯಾರೋ ಮಡಚಿ ಕೊಟ್ಟಿದ್ದ ಒಂದು ನೋಟನ್ನು ಎತ್ತಿಕೊಂಡು ತೋಳುದ್ದ ದೂರ ಹಿಡಿದು ನೋಡಿದಳು. ಆ ಬಾಯಿಯನ್ನು ರಸ್ತೆಗೆ ಓಡಿದ ಮಗುವಿನ ಕಣ್ಣಿಂದ ಅವಳು ಎಂದೂ ಕಂಡಿರಲಿಲ್ಲ. ಹೆಬ್ಬೆರಳಿನಿಂದ ನೋಟಿನ ಮಡಿಕೆಯನ್ನು ನಿಧಾನವಾಗಿ ನೀವಿದಳು.

“ಎರಡು ದಪ್ಪ ಮೀನು ಕಟ್ಟು,” ಎಂದು ಪೌಂಡುಗಳನ್ನು ಮುಂದೆ ತಳ್ಳಿದಳು. “ಚಿಲ್ಲರೆಗೆ ಈ ನೋಟನ್ನೇ ಕೊಡು. ಬಾಳೆಕಾಯಿ ಮಾರೋಳಿಗೂ ತೋರಿಸಬೇಕು.”

ಅವಳು ಹೊರಟ ಮೇಲೆ ಗಿರಾಕಿಯೊಬ್ಬಳು ನೋಟನ್ನು ತಿರುಗಿಸಿ ನೋಡುತ್ತಾ, “ಯಾರಪ್ಪಾ ಇದು, ಏನು ಮಾಡ್ತಿದ್ದಾರೆ?” ಎಂದಳು. ಡೆಲ್‌ರಾಯ್ ಮೀನು ಮೆತ್ತಿದ ಕೈ ಮುಂದೆ ಚಾಚಿ, ಬಾಯಿ ತೆರೆದು ತೋರಿಸಿದ.

ಹತ್ತು ಹೆಜ್ಜೆ ಹೋಗಿದ್ದ ಯೂಲಲಿ ತಿರುಗಿ ನಿಂತಳು.

“ಇನ್ನೂ ಅಗಲ ತೆಗಿಯೋ! ಅಷ್ಟಕ್ಕೆಲ್ಲ ಸೈಕಲ್ಲೂ ನಿಲ್ಲಲ್ಲ.”