ಅಜ್ಜಿಯ ಎದೆಬಡಿತ

ಕುದುರೆಯ ಎದೆಬಡಿತ ಇಳಿಯಲೊಲ್ಲದು. ಕುದುರೆ ಡಾಕ್ಟರಮ್ಮ ಮತ್ತೊಮ್ಮೆ ಸ್ಟೆತಸ್ಕೋಪು ಇಟ್ಟು ಕೇಳಿದರು. "ಊಹೂಂ. ಇನ್ನೂ ನೀರು ಹಾಕಿ." ಬಸ್ ಡ್ರೈವರ್ ಬಕೆಟ್ ಎತ್ತಿಕೊಂಡು ನಲ್ಲಿಯತ್ತ ಓಡಿದ. ಲಾಯದವರೆಲ್ಲ ಅಜ್ಜಿ ಎಂದೇ ಕರೆಯುವ ಆ ಕಂದು ಕುದುರೆಯ ಕತ್ತಿಗೆ ಅವನ ಹೆಂಡತಿ ಸ್ಪಂಜಿನಿಂದ ನೀರು ಹಿಂಡುತ್ತಿದ್ದಳು. ತನ್ನ ಹೊಲಿಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ದಿನಾ ಲಾಯಕ್ಕೆ ಹೋಗಿ, ವರ್ಷವಿಡೀ ಬಿದ್ದೂ ಎದ್ದೂ ಸವಾರಿ ಕಲಿತವಳು. ದೂರದ ಸವಾರಿಯ ಸ್ಪರ್ಧೆಗೆ ಇಳಿದದ್ದು ಇವತ್ತೇ ಮೊದಲು. ದಾರಿ ಎರಡು ಸುತ್ತು. ಸಂಜೆ ಐದರೊಳಗೆ ಮುಗಿಸಬೇಕು, ಮುಗಿಸಿದಾಗ ಕುದುರೆಯೂ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಬಂದದ್ದು ಬರದ ಹಾಗೆಯೇ.

ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಧೂಳೆಬ್ಬಿಸಿಕೊಂಡು ಬಂದವಳು ಇವಳೇ. ಅದು ಗಂಡನ ಉಪದೇಶ. "ಮೊದಲೇ ಟೈಮ್ ಉಳಿಸ್ಕೊಂಡ್ಬಿಡು ಕಣೇ, ಕೊನೇಲಿ ಆರಾಮಾಗಿ ಬರಬಹುದು. ಇಷ್ಟು ವರ್ಷ ಬಸ್ಸಲ್ಲಿ ನಾನು ಮಾಡ್ತಿರೋದು ಮತ್ತೇನು?" ಬಸ್ಸಿಗೆ ಎದೆಯೇ ಇಲ್ಲ ಅನ್ನೋದು ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ಇಲ್ಲಿ ಕುದುರೆಯ ಎದೆಬಡಿತ ಇಳಿದ ಮೇಲಷ್ಟೇ ವಿಶ್ರಾಂತಿಯ ಲೆಕ್ಕ ಶುರು, ವಿಶ್ರಾಂತಿ ಮುಗಿದ ಮೇಲಷ್ಟೇ ಮುಂದಿನ ಸುತ್ತು. ಸುತ್ತಿನ ಕೊನೆಯಲ್ಲಿ ಕುದುರೆಯನ್ನು ನಡೆಸಿಕೊಂಡು ಬಂದವರು ಬಂದ ಕೂಡಲೇ ಪಾಸಾಗಿ, ನೆರಳಲ್ಲಿ ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದರು. ಇವನ ಉಪದೇಶ ಮಾತ್ರ ಬಿಸಿಲಲ್ಲಿ ನಿಂತು ಏದುಸಿರು ಬಿಡುತ್ತಿತ್ತು.

ಅಂತೂ ಬಡಿತ ಇಳಿಯಿತು. "ಇನ್ನೊಂದು ಸಲ ಹೀಗೆ ತಂದ್ರೆ ನಾನು ಪಾಸ್ ಮಾಡಲ್ಲ," ಎಂದರು ಡಾಕ್ಟರಮ್ಮ. ವಿಶ್ರಾಂತಿ ಮುಗಿದು ಅವಳು ಮತ್ತೆ ಜೀನು ಏರುವಷ್ಟರಲ್ಲಿ ಉಳಿದವರೆಲ್ಲ ಹೊರಟು ಎಷ್ಟೋ ಹೊತ್ತಾಗಿತ್ತು.

"ಲೇಟಾಗೋಯ್ತಲ್ಲೇ! ಇಳಿಜಾರಲ್ಲಿ ಜೋರಾಗಿ ಬಿಟ್ಬಿಡು, ಸರಿಹೋಗುತ್ತೆ," ಎಂದ ಡ್ರೈವರ್.

"ಇಳಿಜಾರಲ್ಲೂ ನಡಿಗೆ, ಏರಲ್ಲೂ ನಡಿಗೆ. ಸಮನೆಲದಲ್ಲಿ ಒಂದೇ ಹದದ ಓಟ. ಲೆಕ್ಕ ಹಾಕಿದೀನಿ, ಟೈಮ್ ಸಾಕಾಗುತ್ತೆ, ಅಂತೂ ಇಂತೂ," ಎಂದಳು ಅವಳು. "ರೀ, ಗಡಿಯಾರ ನೀವು ನೋಡ್ಕೊಳ್ಳಿ. ಅಜ್ಜೀನ ನಾನು ನೋಡ್ಕೋತೀನಿ."

ಅವನು ನೋಡಿಕೊಂಡ, ಪಾಪ. ಬೇರೇನೂ ಮಾಡಲಿಲ್ಲ. ಒಬ್ಬೊಬ್ಬರಾಗಿ ಸವಾರರು ಬಂದರು, ಚಪ್ಪಾಳೆ ತಟ್ಟಿಸಿಕೊಂಡು ಹೋದರು. ಐದಕ್ಕೆ ಇನ್ನು ಕಾಲು ಗಂಟೆ ಇರುವಾಗ ದಿಬ್ಬದ ಮೇಲೆ ಕಂದು ಬಣ್ಣ ಕಂಡಿತು. "ಬಂದ್ಳು!" ಎಂದು ಅವನು ಕುಣಿದ. ಕುಣಿದ ಕಾಲು ನೆಲ ಮುಟ್ಟುವುದರೊಳಗೆ ಅವಳು ಕುದುರೆಯಿಂದ ಇಳಿದೇಬಿಟ್ಟಳು. ಜೀನಿನ ಪಟ್ಟಿ ಸಡಿಲಿಸಿ, ಲಗಾಮು ಹಿಡಿದು, ಪಕ್ಕದಲ್ಲಿ ನಡೆಯತೊಡಗಿದಳು.

"ಕುದುರೆ ಹತ್ತೇ! ಹತ್ತು ಮಾರಾಯ್ತಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಅವಳು ತಲೆ ಎತ್ತಲಿಲ್ಲ. ದಾರಿಬದಿಯ ತೊಟ್ಟಿಯ ಹತ್ತಿರ ಅಜ್ಜಿ ಮೂತಿ ಚಾಚಿತು. ಅವಳು ನಿಂತಳು. ನೀರು ಕುಡಿಸಲು ನಿಂತಳಲ್ಲಪ್ಪಾ! ಡ್ರೈವರ್ ತಲೆ ಚಚ್ಚಿಕೊಂಡ. ಇದೇ ನಡಿಗೆ ನೋಡಿ ಅವನು ಮನೆಯಲ್ಲಿ ದಿನಾ ರೇಗುತ್ತಿದ್ದದ್ದು. ಮದುವೆಗೆ ಹೊರಟರೆ ಊಟದ ಪಂಕ್ತಿ ಎದ್ದ ಮೇಲೆ ತಲುಪುವವಳು ಅಂತ ನೆಂಟರ ಮುಂದೆಲ್ಲ ಆಡಿಕೊಂಡಿದ್ದ. ಇವತ್ತು ಬೇರೆ ಕೆಲಸವಿಲ್ಲದೆ ಅದನ್ನೇ ಕಣ್ಣಿಟ್ಟು ನೋಡಿದ. ಕುದುರೆಯ ಹೆಜ್ಜೆಗೆ ಅವಳ ಹೆಜ್ಜೆ. ಕಲ್ಲು ಬಂದರೆ ಅತ್ತ, ಹುಲ್ಲು ಬಂದರೆ ಇತ್ತ. ಎಷ್ಟು ಜನ ಕೂಗಿದರೂ ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಹೆಜ್ಜೆ ಕಡಿಮೆಯಿಲ್ಲ. ಎಂಥ ಗಟ್ಟಿಗಿತ್ತಿಯನ್ನು ಕಟ್ಟಿಕೊಂಡಿದ್ದೀನಿ, ಇಷ್ಟು ದಿನ ಕಾಣಲೇ ಇಲ್ಲವಲ್ಲ ಎಂದು ಅವನ ಕಣ್ಣು ಮಂಜಾಯಿತು. ಗಡಿಯಾರ ನೋಡುವುದೂ ಮರೆತುಹೋಯಿತು.

ಐದಾಗಲು ಎರಡು ನಿಮಿಷ ಇರುವಾಗ ಅವಳೂ ಅಜ್ಜಿಯೂ ಗೆರೆ ದಾಟಿದರು. ಎಲ್ಲರಿಗಿಂತ ಕೊನೆಗೆ. ಡಾಕ್ಟರಮ್ಮ ಸ್ಟೆತಸ್ಕೋಪು ಇಟ್ಟು ಕಣ್ಣು ಮುಚ್ಚಿ ಕೇಳಿದರು, ಕಾಲು ಸವರಿ ನೋಡಿದರು, ಒಮ್ಮೆ ನಡೆಸಿ ನೋಡಿದರು. "ಅಜ್ಜಿ ಈಗ ತಾನೆ ನಿದ್ದೆಯಿಂದ ಎದ್ದ ಹಾಗಿದೆ. ಪಾಸ್!" ಎಂದರು. ಆಮೇಲೆ ಡ್ರೈವರನತ್ತ ತಿರುಗಿ ಹುಬ್ಬೇರಿಸಿದರು. ಅವನ ಅಂಗಿ ಬೆವರಿಗೆ ಮೈಗಂಟಿತ್ತು, ಎದೆ ಏರಿಳಿಯುತ್ತಿತ್ತು.

ಅವಳು ಬಕೆಟ್‌ನಲ್ಲಿ ಸ್ಪಂಜು ಅದ್ದಿ ತಂದು, ಅವನ ಕತ್ತಿಗೆ ಹಿಂಡಿದಳು.

"ಅಲ್ಲಾಡದೆ ನಿಂತ್ಕೊಳ್ಳಿ," ಎಂದಳು. "ಇಳಿಯುತ್ತೆ."