ಎರಡು ಸಲ ಜಗ್ಗಿದರೆ

ಮ್ಯಾನ್‌ಹೋಲಿಗೆ ಇಳಿಯುವ ಅಪ್ಪ ಮನೆಗೆ ಬಂದರೆ ಮಗನಿಗೆ ಒಂದೇ ಆಟ. ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಂಚದಡಿ ತೂರಬೇಕು, ಎರಡು ವರ್ಷದ ಇವನು ಎರಡು ಸಲ ಜಗ್ಗಿದರೆ "ಬಂದೆ ಮೇಸ್ತ್ರಿ!" ಎನ್ನುತ್ತಾ ಎದ್ದು ಬರಬೇಕು.

ಇವತ್ತು ಅಪ್ಪ ಆಸ್ಪತ್ರೆಯ ವರಾಂಡದಲ್ಲಿ ಬಿಳಿ ಬಟ್ಟೆಯಡಿ ಮಲಗಿದ್ದ.

"ದಾರೀಲಿ ಹೋಗ್ತಿದ್ದೋನು ಕಾಲು ಜಾರಿ ಒಳಗೆ ಬಿದ್ದ. ನಾವ್ಯಾರೂ ಇಳಿಸಿಲ್ಲ," ಎಂದ ಗುತ್ತಿಗೆದಾರ, ಪೊಲೀಸಿನವನ ಎದುರೇ ಅಮ್ಮನತ್ತ ಕಾಗದ ಚಾಚಿ. "ಹಂಗೇ ಬರ್ದಿದೀವಿ. ಸೈನ್ ಹಾಕಮ್ಮ."

"ಬೆಳಿಗ್ಗೆ ನೀವೇ ಬಂದು ಕೆಲಸಕ್ಕೆ ಕರ್ಕೊಂಡೋದ್ರಲ್ಲ ಸಾರ್?"

"ಅದಕ್ಕೇನಮ್ಮ ಸಾಕ್ಷಿ?" ಪೊಲೀಸಿನವನು ಕೇಳಿದ.

ಅವಳ ಕಂಕುಳಿನಿಂದ ಜಾರಿ ಇಳಿದ ಮಗ ಬಟ್ಟೆಯೊಳಗೆ ಕೈ ಹಾಕಿ, ಅಪ್ಪನ ಸೊಂಟಕ್ಕೆ ಇನ್ನೂ ಬಿಗಿದೇ ಇದ್ದ ಹಗ್ಗವನ್ನು ಹೊರಗೆಳೆದು, ಎರಡು ಸಲ ಜಗ್ಗಿದ.