ತಮ್ಮನ ಜಾಮೀನು

"ಸಂಜಿಯೊಳಗ ನಿಮ್ಮ ತಮ್ಮನ್ನ ಹೊರಗ ತರ್ತೀನಿ" ಎಂದು ಮೊದಲನೆಯ ವಕೀಲ ಮಾತು ಕೊಟ್ಟದ್ದೇ ತಡ, ಪಂಚಶೀಲಾ ಕುರ್ಚಿಯಿಂದ ಎದ್ದಳು. ಮನೆಯಲ್ಲಿ ಕೇಳಿ ಬರುತ್ತೇನೆಂದು ನೆಪ ಹೇಳಿ ಮೆಟ್ಟಿಲಿಳಿದಳು.

ಶಹಾಪುರದ ಕೋರ್ಟಿನ ಎದುರು ವಕೀಲರ ಬೋರ್ಡುಗಳಿಗೆ ಬರವಿಲ್ಲ. ಯಾರನ್ನು ನಂಬುವುದು ಎಂಬುದೇ ದಿಗಿಲು. ರಸ್ತೆ ದಾಟುವ ಮುನ್ನ ಎರಡೂ ಕಡೆ ನೋಡಿದಳು. ಗಾಡಿಗಳನ್ನಲ್ಲ, ಗಾಡಿಯಲ್ಲಿ ಕೂತವರನ್ನು. ಸೆರಗನ್ನು ತಲೆ ಮೇಲೆಳೆದುಕೊಂಡು ಹಣಮಂತ್ರಾಯ ವಕೀಲರ ಕೋಣೆ ಹೊಕ್ಕಳು.

ವಯಸ್ಸಾದ ಮನುಷ್ಯ. ಮಂಡಕ್ಕಿ ಒಗ್ಗರಣೆಯ ತಟ್ಟೆ ಬದಿಗೆ ಸರಿಸಿ, ಕೂತುಕೋ ಎಂದು ಸನ್ನೆ ಮಾಡಿದರು. ಅವಳು ಕೂತಳು, ಬಾಗಿಲು ಕಾಣುವ ಹಾಗೆ.

ತಾನು ಭೀಮರಾಯನಗುಡಿಯ ಅಂಗನವಾಡಿ ಟೀಚರ್ ಎಂದಳು. ತಮ್ಮ ಶ್ರೀಮಂತ ಸುರಪುರ ರಸ್ತೆಯಲ್ಲಿ ಮೆಹಬೂಬನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ತನ್ನ ಬೈಕನ್ನು ಶ್ರೀಮಂತನೇ ಕದ್ದು ಮಾರಿದ್ದಾನೆಂದು ಮೆಹಬೂಬ ನಿನ್ನೆ ದೂರು ಕೊಟ್ಟಿದ್ದ. ಸಂಜೆಗೆ ಪೊಲೀಸರು ಮನೆಗೇ ಬಂದು ಹಿಡಿದುಕೊಂಡು ಹೋದರು. ಈ ಮಧ್ಯಾಹ್ನ ಕೋರ್ಟಿಗೆ ಕರೆತರುತ್ತಾರೆ.

ಜೊತೆಗೆ ಕೂತು ಉಂಡ ಹುಡುಗನ ಮೇಲೆ ದೂರು ಕೊಟ್ಟವನಿಗೆ ಮನಸ್ಸಾದರೂ ಹೇಗೆ ಬಂತು ಎಂದರು ವಕೀಲರು. ತಿಳಿಸಿ ಹೇಳಿದರೆ ರಾಜಿಗೆ ಬಂದಾನು, ಹೋಗಿ ಕೇಳಿದೆಯಾ ಎಂದರು.

"ಹೋಗಿದ್ದೆರಿ. ಕಾಲು ಹಿಡ್ಕೊಂಡು ಅತ್ತೀನಿ." ಅವಳು ಬಾಗಿಲ ಕಡೆ ನೋಡಿದಳು. "ಅವನ ಸುದ್ದಿಗಿ ಹೋಗೂದು ಬ್ಯಾಡ್ರಿ."

ವಕೀಲರು ಧೈರ್ಯ ತುಂಬಿದರು. ಹಿಂದೆ ಯಾವ ಕೇಸೂ ಇಲ್ಲದ ಹುಡುಗ; ಹೊಲ ಇದ್ದವರೊಬ್ಬರು ಜಾಮೀನಿಗೆ ನಿಂತರೆ ಇವತ್ತೇ ಮನೆಗೆ ಬರುತ್ತಾನೆ. ಅವರು ಧೈರ್ಯ ಹೇಳಿದಷ್ಟೂ ಅವಳ ಮುಖ ಬಾಡುತ್ತಾ ಹೋಯಿತು. ಜಾಮೀನಿಗೆ ಯಾರೂ ನಿಲ್ಲದಿದ್ದರೆ ಎಂದು ಕೇಳಿದಳು. ಜೈಲಿಗೆ ಕಳಿಸುತ್ತಾರೆ ಎಂದರು.

"ಜೈಲಿನಾಗ ಹೊರಗಿನ ಮಂದಿ ಒಳಗ ಬರ್ತಾರೇನ್ರಿ?"

ಹೆದರಿದ ಅಕ್ಕ ಕೇಳುವ ಪ್ರಶ್ನೆ. ಅಲ್ಲಿ ಕಾವಲಿರುತ್ತದೆ, ಯಾರೂ ಅವನ ಮೈ ಮುಟ್ಟುವುದಿಲ್ಲ ಎಂದು ವಕೀಲರು ಸಮಾಧಾನ ಹೇಳುತ್ತಿದ್ದಾಗಲೇ ಫೋನು ಬಂತು. ಕೋರ್ಟಿನಲ್ಲಿದ್ದ ಅವರ ಗುಮಾಸ್ತ. ಮಾತು ಮುಗಿಸಿದ ವಕೀಲರ ಮುಖ ಅರಳಿತ್ತು. ಯಾದಗಿರಿಯಿಂದ ಯಾರೋ ವಕೀಲರು ಬಂದಿದ್ದಾರಂತೆ, ಶ್ರೀಮಂತನ ಸಲುವಾಗಿಯೇ. ಜಾಮೀನು ನಿಲ್ಲುವವರನ್ನೂ ಜೊತೆಗೇ ಕರೆತಂದಿದ್ದಾರಂತೆ.

"ನಿಮ್ಮ ಕಡೆಯವರು ಯಾರೋ ದೊಡ್ಡ ಮನಸಿನವರು ಅದಾರ ನೋಡವ್ವಾ."

ಪಂಚಶೀಲಾ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ, ಅದಕ್ಕೇ ಒರಗಿ ನಿಂತಳು.

"ನಮ್ಮ ಕಡೆ ಯಾರೂ ಇಲ್ರಿ. ಆ ಜಾಮೀನು ನಿಲ್ಲಸ್ರಿ ಸಾಹೇಬ್ರ. ನನ್ನ ತಮ್ಮ ಹೊರಗ ಬಂದ್ರ ಉಳಿಯಂಗಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು. ಹೊಳೆಯ ದಾರಿಯಲ್ಲಿ ಉಸುಕಿನ ಟಿಪ್ಪರ್ ಒಬ್ಬ ಕುರಿಗಾಹಿಯ ಮೇಲೆ ಹರಿದಿತ್ತು. ಆಗ ಗಾಡಿ ಓಡಿಸುತ್ತಿದ್ದವನು ಟಿಪ್ಪರಿನ ಮಾಲೀಕನೇ. ಕೆಟ್ಟು ನಿಂತ ಟ್ರ್ಯಾಕ್ಟರ್ ನೋಡಲು ಹೋಗಿದ್ದ ಶ್ರೀಮಂತ ಅದನ್ನು ಕಣ್ಣಾರೆ ಕಂಡಿದ್ದ. ಮಾಲೀಕ ತಪ್ಪನ್ನು ಡ್ರೈವರನ ತಲೆಗೆ ಕಟ್ಟಿದ. ಕಂಡದ್ದನ್ನು ಜಡ್ಜ್ ಸಾಹೇಬರ ಮುಂದೆ ಹೇಳಿಯೇ ತೀರುತ್ತೇನೆಂದ ಶ್ರೀಮಂತ. ಅಂದಿನಿಂದ ಮನೆಯ ಮುಂದೆ ಗುರುತಿಲ್ಲದ ಗಂಡಸರು. ಕೆನಾಲ್ ದಂಡೆಯ ಮೇಲೆ ಬರುವಾಗ ಒಂದು ಜೀಪು ಅವನನ್ನು ಒತ್ತಿಕೊಂಡು ಬಂದು ನೀರಿಗೆ ಕೆಡವಿತು. ಈಜು ಬರುತ್ತಿದ್ದುದಕ್ಕೆ ಬದುಕಿದ. ಯಾರ ಮುಂದೆ ದುಃಖ ಹೇಳಿಕೊಂಡರೂ, ಅವಳು ಮನೆ ಮುಟ್ಟುವುದರೊಳಗೆ ಆ ಮಾತು ಮಾಲೀಕನ ಕಿವಿ ಮುಟ್ಟಿರುತ್ತಿತ್ತು. ಅದಕ್ಕೇ ವಕೀಲರ ಮುಂದೆಯೂ ಇಷ್ಟು ಹೊತ್ತು ಬಾಯಿ ಬಿಟ್ಟಿರಲಿಲ್ಲ. ಅವಳು ಹುಡುಕುತ್ತಿದ್ದುದು, ಹೇಳಿಕೆ ಕೊಡುವ ತನಕ ತಮ್ಮನನ್ನು ಒಳಗೇ ಕಾಯುವ ವಕೀಲರನ್ನು.

"ಈಗ ಅವನನ್ನ ಬಿಡಿಸ್ಕೊಂಡು ಹೋಗಾಕ ಬಂದವರು ಆ ಮಾಲೀಕನ ಕಡೆಯವರೇರಿ."

ಹಣಮಂತ್ರಾಯರು ಎದ್ದು ಕರಿ ಕೋಟು ತೊಟ್ಟುಕೊಂಡರು. ಆ ವಕೀಲರಿಗಿಂತ ಮೊದಲು ಹುಡುಗನ ಸಹಿ ನಮ್ಮ ವಕಾಲತ್ತಿನ ಮೇಲೆ ಬೀಳಬೇಕು ಎಂದರು. ಅವನಿಗೇ ಜಾಮೀನು ಬೇಡವಾದರೆ ಬಲವಂತವಾಗಿ ಯಾರೂ ಬಿಡಿಸಲಾರರು.

ಕೋರ್ಟಿನ ಪಡಸಾಲೆಯಲ್ಲಿ ಯಾದಗಿರಿಯ ವಕೀಲರು ಆಗಲೇ ನಿಂತಿದ್ದರು. ಅವರ ಹಿಂದೆ ಬಿಳಿ ಅಂಗಿಯ ಇಬ್ಬರು. ಅವರಲ್ಲೊಬ್ಬ ಪಂಚಶೀಲಾಳನ್ನು ನೋಡಿ ನಕ್ಕು, "ಚಿಂತಿ ಮಾಡಬ್ಯಾಡವ್ವಾ, ನಾವ ಮನಿಗಿ ಮುಟ್ಟಸ್ತೀವಿ" ಎಂದ. ಅವಳು ಕಂಬ ಹಿಡಿದು ನಿಂತಳು.

ಪೊಲೀಸರು ಶ್ರೀಮಂತನನ್ನು ಕರೆತಂದರು. ಹಣಮಂತ್ರಾಯರು ಅವರ ಒಪ್ಪಿಗೆ ಪಡೆದು ಹುಡುಗನ ಕಿವಿಯಲ್ಲಿ ಏನೋ ಹೇಳಿದರು. ಅವನು ಅಕ್ಕನ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಸಹಿ ಮಾಡಿದ.

ಒಳಗೆ ಜಡ್ಜ್ ಸಾಹೇಬರ ಮುಂದೆ ಅವನ ಮಾತು ತೊದಲಲಿಲ್ಲ. ತನಗೆ ಇವರೇ ವಕೀಲರು, ಜಾಮೀನು ಬೇಡ, ತಾನು ಕಂಡ ಒಂದು ಸಾವಿನ ಬಗ್ಗೆ ಹೇಳುವುದಿದೆ ಎಂದ. ಬಿಳಿ ಅಂಗಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರನಡೆದರು. ಅವನ ಹೇಳಿಕೆ ಬರೆದುಕೊಳ್ಳಲು ನ್ಯಾಯಾಲಯ ಒಪ್ಪಿತು. ಅಲ್ಲಿಯವರೆಗೆ ಜೈಲಿನಲ್ಲಿ ಅವನನ್ನು ಬೇರೆಯಾಗಿಡಲು ಆದೇಶವಾಯಿತು.

ಪೊಲೀಸ್ ವ್ಯಾನು ತಮ್ಮನನ್ನು ಹೊತ್ತು ಗೇಟು ದಾಟುವ ತನಕ ನೋಡುತ್ತ ನಿಂತಿದ್ದ ಪಂಚಶೀಲಾ, ಅದು ಮರೆಯಾದ ಮೇಲೆ ಮೆಟ್ಟಿಲ ಮೇಲೆ ಕೂತಳು. ಹಣಮಂತ್ರಾಯರೂ ಪಕ್ಕದಲ್ಲೇ ಕೂತರು. ದೈವ ದೊಡ್ಡದು ಎಂದರು. ಕಳವಿನ ಕೇಸು ಸುಳ್ಳೋ ಖರೆಯೋ ಆಮೇಲೆ ನೋಡಿಕೊಂಡರಾಯಿತು. ಆ ಮೆಹಬೂಬ ನಿನ್ನೆಯೇ ಹೋಗಿ ದೂರು ಕೊಡದಿದ್ದರೆ ಇಷ್ಟೊತ್ತಿಗೆ ಹುಡುಗನ ಗತಿ ಏನಾಗುತ್ತಿತ್ತೋ.

"ತಾನಾಗೇ ಕೊಡಲಿಲ್ರಿ ಅವ," ಎಂದಳು ಪಂಚಶೀಲಾ. "ಕೊಡು ಅಂತ ಕಾಲು ಹಿಡದಾಕಿ ನಾನು."